ನಾಯಿಯ ಮೂಗಿನ ಎತ್ತರದಿಂದ

ಬೆಳಗ್ಗೆ ಕಂಡದ್ದು ರಾತ್ರಿಯಾದರೂ ಮನಸ್ಸಿನಿಂದ ಇಳಿಯುತ್ತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ವಾರದ ಕೊನೆಗೆ ಮೊದಲ ಹಿಮ ಬೀಳುತ್ತದೆಂಬ ಮುನ್ಸೂಚನೆ ಬಂದಂದಿನಿಂದ ನಮ್ಮ ಬೀದಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಒಬ್ಬರು ಏಣಿ ಹತ್ತಿ ಮಾಡಿನ ಅಂಚಿನ ನೀರ್ದೋಣಿಯಲ್ಲಿ ತುಂಬಿದ್ದ ಎಲೆಗಳನ್ನು ತೆಗೆಯುತ್ತಿದ್ದರು, ಇನ್ನೊಬ್ಬರು ಕಾರಿನ ಟೈರುಗಳನ್ನು ಬದಲಾಯಿಸುತ್ತಿದ್ದರು, ಅವರ ಎದುರುಮನೆಯವರು ಎಂಜಿನ್ ತಂಪಾಗಿಡುವ ಹಳೆಯ ಕೂಲಂಟ್ ದ್ರವವನ್ನು ಇಳಿಸಿ ಹೊಸದನ್ನು ತುಂಬುತ್ತಿದ್ದರು. ಅವರ ಮನೆಯ ಮುಂದೆ ಹಾದುಹೋಗುವಾಗ ನಮ್ಮ ನಾಯಿ ಕರಿಯ, ಹಗ್ಗ ಜಗ್ಗಿ ನಿಂತುಬಿಟ್ಟ. ಮೂಗು ನೆಲಕ್ಕೆ ತಾಗಿತ್ತು, ನಾಲಗೆ ಹೊರಗೆ ಬಂದಿತ್ತು. ಬಾಗಿ ನೋಡಿದರೆ ಅಂಗೈಯಗಲ ಹರಡಿದ ಹಸಿರು ದ್ರವ. ನಾನು ಅವನನ್ನು ಎಷ್ಟು ಬಲವಾಗಿ ಎಳೆದೆನೆಂದರೆ, ಈ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಕೈಯಿಂದಾದ ನೋವಿಗೆ ಅವನು ಕುಂಯ್ಗುಟ್ಟಿದ.

ಆ ದ್ರವ ಏನೆಂದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಂಜಿನ್ನಿನ ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ಆಂಟಿಫ್ರೀಜ್‌ಗಳಲ್ಲಿ ಹೆಚ್ಚಿನವುಗಳ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ, ನಾಯಿ ಅದನ್ನು ನೆಕ್ಕಲು ಹೇಸುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಒಡೆಯುತ್ತದೆ, ಹಾಗೆ ಒಡೆದು ಹುಟ್ಟಿದ ಆಕ್ಸಲೇಟ್ ರಕ್ತದ ಕ್ಯಾಲ್ಸಿಯಂನೊಂದಿಗೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಒಂದು ಬೆಕ್ಕನ್ನು ಕೊಲ್ಲಲು ಒಂದು ಟೀ ಚಮಚದಷ್ಟು ಅಪ್ಪಟ ದ್ರವ ಸಾಕು. ಇದರಲ್ಲಿ ನನ್ನನ್ನು ಅತಿಯಾಗಿ ಹೆದರಿಸುವುದು ನಡುವಿನ ಕೆಲವು ಗಂಟೆಗಳು. ಮೊದಲು ಪ್ರಾಣಿ ಅಮಲೇರಿದಂತೆ ತೂರಾಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ನಾಯಿಯಾದರೆ ಎಷ್ಟೋ ಸಲ ಚೇತರಿಸಿಕೊಂಡಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಹೊತ್ತಿನಲ್ಲಿಯೇ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿರುತ್ತವೆ. ಪ್ರತಿವಿಷವೇನೋ ಇದೆ, ಆದರೆ ಅದು ನಾಯಿಗೆ ಎಂಟರಿಂದ ಹನ್ನೆರಡು ಗಂಟೆಯೊಳಗೆ, ಬೆಕ್ಕಿಗೆ ಮೂರು ಗಂಟೆಯೊಳಗೆ ಸಿಕ್ಕಬೇಕು. ಗಡಿಯಾರ ನೋಡಿಕೊಂಡು ಯಾವ ಬೆಕ್ಕೂ ನಮ್ಮ ಬಳಿ ಬಂದು ತಾನು ಏನು ನೆಕ್ಕಿದೆನೆಂದು ಹೇಳುವುದಿಲ್ಲ.

ನಾನು ಆ ಮನೆಯ ಹಿರಿಯರನ್ನು ಕರೆದು ತೋರಿಸಿದೆ. "ನಾಲ್ಕು ಹನಿ ಚೆಲ್ಲಿದೆ ಅಷ್ಟೆ, ಹಿಮ ಬಿದ್ದರೆ ತೊಳೆದುಹೋಗುತ್ತದೆ ಬಿಡಿ" ಎಂದರು. ಅವರು ಕೆಟ್ಟವರಲ್ಲ. ನನಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದ ವರ್ಷ ನಮ್ಮ ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆ ಹಿಡಿದು ಎತ್ತಿ ಹಾಕಿದವರು ಅವರೇ. ಆದ್ದರಿಂದಲೇ ಆ ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ. ಕಾರಿಗೆ ಏನು ಬೇಕು, ಮಾಡಿಗೆ ಏನು ಬೇಕು, ಪೈಪುಗಳಿಗೆ ಏನು ಬೇಕು ಎಂಬುದು ಅವರಿಗೆ ಬೆರಳ ತುದಿಯಲ್ಲಿದೆ. ಆದರೆ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಮೂಗು ಇಟ್ಟುಕೊಂಡು ಓಡಾಡುವ ಜೀವಗಳು ಅದೇ ಅಂಗಳದಲ್ಲಿವೆ ಎಂಬುದು ಅವರ ಲೆಕ್ಕಕ್ಕೇ ಬಂದಿಲ್ಲ. ನನ್ನ ತಕರಾರು ಇದೊಂದೇ. ಹಿಮಗಾಲಕ್ಕೆ ನಾವು ಮಾಡುವ ಎಲ್ಲ ತಯಾರಿಯೂ ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ನಡೆಯುತ್ತದೆ. ಸಾಕಿದ ಪ್ರಾಣಿಯ ಕೆಲಸ ಪಟ್ಟಿಯ ಕೊನೆಗೆ, ಉಳಿದದ್ದೆಲ್ಲ ಮುಗಿದ ಮೇಲೆ ಸಮಯವಿದ್ದರೆ ಮಾಡುವ ಉಪಕಾರವಾಗಿ ಉಳಿಯುತ್ತದೆ.

ಉಪ್ಪಿನ ವಿಷಯವನ್ನೇ ನೋಡಿ. ಮಂಜುಗಡ್ಡೆ ಕಟ್ಟದಿರಲೆಂದು ಮೆಟ್ಟಿಲಿಗೂ ದಾರಿಗೂ ನಾವು ಎರಚುವ ಕಲ್ಲುಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಆದರೂ ಚಳಿ ಹೆಚ್ಚಿದಷ್ಟೂ ಜನ ಇನ್ನೊಂದು ಬೊಗಸೆ ಹೆಚ್ಚಾಗಿ ಎರಚುತ್ತಾರೆ. ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿಯೂ ಕೆಲಸ ಮಾಡುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಇನ್ನೊಂದು ಬಗೆಯ ಉಪ್ಪು ತೇವ ತಾಗಿದ ಕೂಡಲೇ ಬಿಸಿಯಾಗುತ್ತದೆ, ಅದು ಪಂಜದ ಮೆತ್ತೆಗಳ ನಡುವೆ ಸಿಕ್ಕಿಕೊಂಡರೆ ಚರ್ಮವನ್ನು ಸುಡುತ್ತದೆ. ಉರಿ ತಾಳಲಾರದೆ ನಾಯಿ ನೆಕ್ಕಿಕೊಂಡರೆ ಉಪ್ಪು ಹೊಟ್ಟೆಗೆ ಹೋಗಿ ವಾಂತಿ, ಭೇದಿ, ಅತಿಯಾದ ಬಾಯಾರಿಕೆ ಶುರುವಾಗುತ್ತದೆ. ಮರಳು ಮಂಜುಗಡ್ಡೆಯನ್ನು ಕರಗಿಸದಿದ್ದರೂ ಕಾಲಿಗೆ ಹಿಡಿತ ಕೊಡುತ್ತದೆ. ಹಿಮ ಬಿದ್ದ ಒಂದೆರಡು ಗಂಟೆಯೊಳಗೆ ಅದನ್ನು ಎತ್ತಿಹಾಕಿ ಮೇಲೆ ಮರಳು ಎರಚಿದರೆ ನಮ್ಮಂಥವರ ಅಂಗಳಕ್ಕೆ ಎಷ್ಟೋ ದಿನ ಉಪ್ಪೇ ಬೇಕಾಗುವುದಿಲ್ಲ.

ಇದನ್ನೆಲ್ಲ ಇಷ್ಟು ಖಚಿತವಾಗಿ ಹೇಳುವ ನಾನು ಎರಡು ವರ್ಷಗಳ ಹಿಂದೆ ಏನು ಮಾಡಿದ್ದೆ ಎಂಬುದನ್ನು ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಒಂದು ಬೆಳಗ್ಗೆ ಕರಿಯ ದಾರಿಯ ನಡುವೆ ಕುಳಿತುಬಿಟ್ಟ. ಒಂದು ಕಾಲೆತ್ತಿದ, ಇಳಿಸಿದ, ಇನ್ನೊಂದನ್ನು ಎತ್ತಿದ. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಹಟಮಾರಿ ಎಂದು ಬೈದೆ, ಹಗ್ಗ ಹಿಡಿದು ಮನೆಯವರೆಗೂ ನಡೆಸಿಕೊಂಡೇ ಬಂದೆ. ಒಳಗೆ ಬಂದ ಮೇಲೆ ನೆಲದ ಮೇಲಿನ ಕೆಂಪು ಕಲೆಗಳನ್ನು ಮಗಳು ತೋರಿಸಿದಾಗಲೇ ನಾನು ಅವನ ಪಾದವನ್ನು ತಿರುಗಿಸಿ ನೋಡಿದ್ದು. ಬೆರಳುಗಳ ನಡುವಿನ ಉದ್ದ ಕೂದಲಿಗೆ ಹಿಮ ಅಂಟಿ ಗೋಲಿಯಂತಹ ಗಟ್ಟಿ ಉಂಡೆಗಳಾಗಿದ್ದವು, ಆ ಉಂಡೆಗಳೊಳಗೆ ಉಪ್ಪಿನ ಹರಳುಗಳಿದ್ದವು, ಒಂದೊಂದು ಹೆಜ್ಜೆಗೂ ಅವು ಮಾಂಸಕ್ಕೆ ಒತ್ತುತ್ತಿದ್ದವು. ಆ ಉಪ್ಪು ನಮ್ಮ ಮೆಟ್ಟಿಲಿನದು, ಹಿಂದಿನ ರಾತ್ರಿ ನಾನೇ ಚೀಲ ಬಗ್ಗಿಸಿ ಧಾರಾಳವಾಗಿ ಸುರಿದದ್ದು. ನಾನು ಬೈದದ್ದು ಅವನು ಮರೆತಿರಬಹುದು. ನನಗೆ ಮರೆಯಲಾಗಿಲ್ಲ.

ಅಂದಿನಿಂದ ಪಂಜದ ಕೆಲಸ ನಮ್ಮ ಮನೆಯಲ್ಲಿ ಹಿಮಗಾಲದ ಮೊದಲ ಕೆಲಸ. ಬೆರಳುಗಳ ನಡುವಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸುತ್ತೇವೆ, ಉಗುರನ್ನೂ ಕತ್ತರಿಸುತ್ತೇವೆ, ಏಕೆಂದರೆ ಉಗುರು ಉದ್ದವಾದರೆ ಬೆರಳುಗಳು ಅಗಲಿ ನಡುವೆ ಹೆಚ್ಚು ಹಿಮ ಸೇರುತ್ತದೆ. ಹೊರಡುವ ಮುನ್ನ ಮೆತ್ತೆಗಳಿಗೆ ಮೇಣದ ಮುಲಾಮು ಹಚ್ಚುತ್ತೇವೆ. ಬಂದ ಕೂಡಲೇ ಬಾಗಿಲ ಬಳಿಯೇ ಇರುವ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿನಿಂದ ನಾಲ್ಕೂ ಕಾಲು ತೊಳೆದು, ಹೊಟ್ಟೆಯನ್ನೂ ಒರೆಸಿ, ಬೆರಳ ಸಂದುಗಳನ್ನು ಒಣಗಿಸುತ್ತೇವೆ. ಒಟ್ಟು ನಾಲ್ಕು ನಿಮಿಷದ ಕೆಲಸ. ಟೈರ್ ಬದಲಾಯಿಸಲು ಅರ್ಧ ದಿನ ಕೊಡುವವರಿಗೆ ಈ ನಾಲ್ಕು ನಿಮಿಷ ಏಕೆ ಸಿಗುವುದಿಲ್ಲವೆಂದು ನಾನು ಪ್ರತಿ ವರ್ಷವೂ ಕೇಳುತ್ತೇನೆ, ಈ ವರ್ಷವೂ ಕೇಳುತ್ತಿದ್ದೇನೆ.

ಕೆಲವರು ಈಗಾಗಲೇ ಉತ್ತರ ಸಿದ್ಧಮಾಡಿಕೊಂಡಿರುತ್ತೀರಿ: ನಾಯಿಗೆ ತುಪ್ಪಳವಿದೆ, ಅದರ ಪೂರ್ವಜರು ಹಿಮದಲ್ಲೇ ಬದುಕಿದವರು, ಇಷ್ಟೆಲ್ಲ ಮುದ್ದು ಬೇಡ. ಇದರಲ್ಲಿ ನಿಜದ ಅಂಶವಿದೆ. ನಾಯಿಯ ಪಂಜದಲ್ಲಿ ಅಪಧಮನಿಗಳೂ ಅಭಿಧಮನಿಗಳೂ ಒಂದಕ್ಕೊಂದು ಅಂಟಿಕೊಂಡು ಹರಿಯುವುದರಿಂದ, ಕೆಳಗಿಳಿಯುವ ಬೆಚ್ಚಗಿನ ರಕ್ತ ಮೇಲೇರುವ ತಣ್ಣನೆಯ ರಕ್ತಕ್ಕೆ ತನ್ನ ಶಾಖವನ್ನು ದಾಟಿಸುತ್ತದೆ. ಆದ್ದರಿಂದ ಹಿಮದ ಮೇಲೆ ನಿಂತರೂ ಅದರ ಮೈ ಬೇಗ ತಣಿಯುವುದಿಲ್ಲ. ಆದರೆ ಆ ಏರ್ಪಾಡು ಶೀತದಿಂದ ಕಾಪಾಡುತ್ತದೆಯೇ ಹೊರತು ಉಪ್ಪಿನಿಂದ ಕಾಪಾಡುವುದಿಲ್ಲ. ತೋಳದ ದಾರಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರಲಿಲ್ಲ, ಕೂಲಂಟ್ ಇರಲಿಲ್ಲ. ಇನ್ನು ತುಪ್ಪಳದ ಮಾತು. ಎರಡು ಪದರದ ದಟ್ಟ ರೋಮವಿರುವ ತಳಿಗೆ ಅದು ನಿಜ. ಒಂದೇ ಪದರದ ಗಿಡ್ಡ ಕೂದಲಿನ ನಾಯಿಗೆ, ಮರಿಗೆ, ಕರಿಯನಂತೆ ಸಂಧಿವಾತವಿರುವ ಮುದಿ ನಾಯಿಗೆ ಅದು ನಿಜವಲ್ಲ. ದಟ್ಟ ರೋಮವೂ ಒದ್ದೆಯಾದರೆ ಶಾಖವನ್ನು ಹಿಡಿದಿಡುವುದಿಲ್ಲ. ಕಾಡಿನ ಪ್ರಾಣಿಯ ಮೈಯನ್ನು ನೆನೆದು ಮನೆಯ ಪ್ರಾಣಿಯ ಹೊಣೆಯಿಂದ ಜಾರಿಕೊಳ್ಳುವ ಈ ವಾದ ನನಗೆ ಒಪ್ಪಿಗೆಯಿಲ್ಲ, ಮುಂದೆಯೂ ಒಪ್ಪಿಗೆಯಾಗುವುದಿಲ್ಲ.

ಮನೆಯೊಳಗಿನ ಕೆಲಸಗಳಲ್ಲಿಯೂ ಇದೇ ಕತೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಆದ್ದರಿಂದ ಹೊರಗಿನ ನಲ್ಲಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಬಸಿದು, ತೋಟದ ರಬ್ಬರ್ ಕೊಳವೆಯನ್ನು ಬಿಚ್ಚಿಡುತ್ತೇವೆ. ಸರಿಯಾದದ್ದೇ. ಆದರೆ ಅದೇ ನೀರು ಹೊರಗಿಟ್ಟ ಪ್ರಾಣಿಯ ಬಟ್ಟಲಿನಲ್ಲಿಯೂ ಹೆಪ್ಪುಗಟ್ಟುತ್ತದೆ ಎಂದು ಎಷ್ಟು ಜನರಿಗೆ ಹೊಳೆಯುತ್ತದೆ? ಚಳಿಗಾಲ ಹತ್ತಿರವಾದಂತೆ ಇಲಿಗಳು ಬೆಚ್ಚನೆಯ ಜಾಗ ಹುಡುಕಿಕೊಂಡು ಒಳಗೆ ಬರುತ್ತವೆ, ನಾವು ಪಾಷಾಣ ಇಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿಪಾಷಾಣವನ್ನು ಬೆಕ್ಕೋ ನಾಯಿಯೋ ತಿಂದರೆ ಮೂರರಿಂದ ಐದು ದಿನ ಏನೂ ಕಾಣಿಸುವುದಿಲ್ಲ. ರಕ್ತಸ್ರಾವ ಕಾಣಿಸಿಕೊಳ್ಳುವ ಹೊತ್ತಿಗೆ ಪಾಷಾಣ ಇಟ್ಟದ್ದೇ ಮರೆತುಹೋಗಿರುತ್ತದೆ. ಇಲಿ ಬರುವ ಸಂದುಗಳನ್ನು ಈಗಲೇ ಮುಚ್ಚಿದರೆ ಪಾಷಾಣದ ಪ್ರಶ್ನೆಯೇ ಏಳುವುದಿಲ್ಲ. ಚಿಮಣಿಯ ಮಸಿ ತೆಗೆಸಿ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯ ಬ್ಯಾಟರಿ ಬದಲಾಯಿಸುವಾಗ, ನಾವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆ ಮನೆಯೊಳಗೆ ಉಸಿರಾಡುತ್ತಾ ಮಲಗಿರುವವರು ಯಾರೆಂದು ಒಮ್ಮೆ ನೆನೆದುಕೊಳ್ಳಿ. ಹೀಟರನ್ನು ಬೆಕ್ಕು ಉರುಳಿಸದ ಜಾಗದಲ್ಲಿ, ಪರದೆಯಿಂದಲೂ ಹಾಸಿಗೆಯಿಂದಲೂ ಒಂದು ಮೀಟರ್ ದೂರದಲ್ಲಿ ಇಡಿ.

ಬೀದಿಯ ಬೆಕ್ಕುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಬೆಕ್ಕು ಮಿಂಚು ಸಿಕ್ಕಿದ್ದು ಎಲ್ಲಿಂದಲೆಂದು ನಿಮ್ಮಲ್ಲಿ ಹಲವರಿಗೆ ನೆನಪಿದೆ, ನಿಂತ ಕಾರಿನ ಎಂಜಿನ್ನಿನ ಮೇಲಿಂದ. ಚಳಿಯಲ್ಲಿ ಬೆಕ್ಕುಗಳು ಕೆಳಗಿನಿಂದ ನುಸುಳಿ ಎಂಜಿನ್ನಿನ ಶಾಖಕ್ಕೆ ಅಂಟಿಕೊಂಡು ಮಲಗುತ್ತವೆ. ಕಾರು ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಮೇಲೆ ಎರಡು ಬಾರಿ ಬಡಿದು, ಅವಕ್ಕೆ ಹೊರಬರಲು ಅರ್ಧ ನಿಮಿಷ ಕೊಟ್ಟರೆ ಸಾಕು. ಅವುಗಳಿಗೆಂದು ಪೆಟ್ಟಿಗೆಯ ಗೂಡು ಮಾಡಿಡುವ ಕರುಣೆಯುಳ್ಳವರು ಒಳಗೆ ಹಳೆಯ ಕಂಬಳಿ ಹಾಸಬೇಡಿ. ಕಂಬಳಿ ತೇವವನ್ನು ಹೀರಿ ತಾನೇ ಮಂಜುಗಟ್ಟುತ್ತದೆ. ಧಾನ್ಯ ಬಡಿದ ಮೇಲೆ ಉಳಿಯುವ ಒಣಹುಲ್ಲನ್ನು ಸಡಿಲವಾಗಿ ತುಂಬಿದರೆ ಬೆಕ್ಕು ಅದರೊಳಗೆ ಹುದುಗಿಕೊಳ್ಳುತ್ತದೆ, ಹುಲ್ಲು ಒಣಗಿಯೇ ಇರುತ್ತದೆ.

ಈಗ ಮತ್ತೆ ಆ ಹಸಿರು ಮಡುವಿಗೆ ಬರುತ್ತೇನೆ. ಹಿಮ ಬಿದ್ದರೆ ಅದು ತೊಳೆದುಹೋಗುವುದಿಲ್ಲ, ಹಿಮದಡಿ ಅಡಗುತ್ತದೆ. ಕರಗಿದ ದಿನ ಅದೇ ಸಿಹಿ ನೀರು ಇಳಿಜಾರಿನಲ್ಲಿ ಹರಿದು, ಯಾವುದೋ ನಾಯಿ ಬಾಯಾರಿ ನೆಕ್ಕುವ ಹೊಂಡವಾಗುತ್ತದೆ. ಕರಿಯನನ್ನು ಒಳಗೆ ಬಿಟ್ಟು, ಬೆಕ್ಕಿನ ಮಲದ ತಟ್ಟೆಗೆ ಹಾಕುವ ಒಣ ಮಣ್ಣಿನ ಚೀಲವನ್ನು ಎತ್ತಿಕೊಂಡು ನಾನು ಅಲ್ಲಿಗೆ ಮರಳಿದೆ. ಆ ಮಣ್ಣನ್ನು ದಪ್ಪಗೆ ಸುರಿದು ಹೀರಲು ಬಿಟ್ಟು, ಗುಡಿಸಿ, ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಜಾಗವನ್ನು ಸಾಬೂನು ನೀರಿನಿಂದ ತಿಕ್ಕಿ ತೊಳೆದು, ಆ ನೀರನ್ನೂ ಮಣ್ಣು ಹಾಕಿ ಹೀರಿಸಬೇಕು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಆ ಹಿರಿಯರು ಮಾತಿಲ್ಲದೆ ಒಳಗೆ ಹೋಗಿ ಬಕೆಟ್ಟಿನಲ್ಲಿ ಬಿಸಿನೀರು ತಂದರು, ತಮ್ಮ ಕೈಯಿಂದಲೇ ನೆಲ ತಿಕ್ಕಿದರು. ಎಥಿಲೀನ್ ಬದಲು ಪ್ರೊಪಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಕೂಡ ಸಿಗುತ್ತದೆ, ಅದು ವಿಷವೇ ಅಲ್ಲವೆನ್ನಲಾಗದು, ಆದರೆ ಅಪಾಯ ಬಹಳ ಕಡಿಮೆ ಎಂದು ಹೇಳಿದೆ. ಅವರು ಖಾಲಿ ಡಬ್ಬಿಯನ್ನು ತಿರುಗಿಸಿ, ಕನ್ನಡಕ ಹಾಕಿಕೊಂಡು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಬಹಳ ಹೊತ್ತು ಓದಿದರು.

ಮೋಡ ಕವಿದು ಬೇಗ ಕತ್ತಲಾದದ್ದರಿಂದ ಕಾರಿನ ಅಡಿಯ ಭಾಗ ಸರಿಯಾಗಿ ಕಾಣಲಿಲ್ಲ. ಹಿಮಕ್ಕೆ ಇನ್ನೂ ಎರಡು ದಿನವಿದೆ. ನಾಳೆ ಬೆಳಗ್ಗೆ ಕಾರನ್ನು ಹಿಂದಕ್ಕೆ ಸರಿಸುತ್ತೇನೆಂದು ಅವರು ಹೇಳಿದ್ದಾರೆ, ಬೆಳಕು ಹರಿದ ಮೇಲೆ ಇಬ್ಬರೂ ಸೇರಿ ಇನ್ನೊಮ್ಮೆ ತೊಳೆಯುತ್ತೇವೆ. ಅಲ್ಲಿಯವರೆಗೆ ಕರಿಯನನ್ನು ಇನ್ನೊಂದು ಬೀದಿಯಲ್ಲಿ ನಡೆಸುತ್ತೇನೆ.