ಒಳಗೆ ಮೂವ್‌ಮೆಂಟ್ ಇದ್ಯಾ, ಬರೀ ಕೇಸಾ?

ಒಂದು ಪ್ಲಾಸ್ಟಿಕ್ ಕಾರಿಗೋಸ್ಕರ ಎರಡು ತಿಂಗಳಿಂದ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೇನೆ. ಮಕ್ಕಳು ಆಡುವ ಕಾರಲ್ಲ, ಮಾಡೆಲ್ ಕಿಟ್. ಡಬ್ಬಿ ತೆರೆದರೆ ಒಳಗೆ ಕಾರೇ ಇರಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ಸಣ್ಣ ಸಣ್ಣ ಪೀಸುಗಳು ಇರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿ ನಾವೇ ಕಾರು ಮಾಡಬೇಕು. ಐದು ಸಾವಿರದ ಮೇಲೆ ದುಡ್ಡು ಕೊಟ್ಟು, ಮೇಲಿಂದ ಕೆಲಸವನ್ನೂ ನಾವೇ ಮಾಡಬೇಕಾ ಅನ್ನೋದು ಅಮ್ಮನ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಬಿಡಿ.

ಕಾರು ಯಾವುದು ಅನ್ನೋದರಲ್ಲಿ ನನಗೆ ಗೊಂದಲ ಇರಲಿಲ್ಲ. ಮರ್ಸಿಡಿಸ್ 300 ಎಸ್ಎಲ್. ಬಾಗಿಲು ಮೇಲಕ್ಕೆ ತೆರೆಯುತ್ತದಲ್ಲ, ಹಕ್ಕಿ ರೆಕ್ಕೆ ಎತ್ತಿದ ಹಾಗೆ, ಅದು. 1954ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಆ ರೆಕ್ಕೆ ಬಾಗಿಲಿನ ಕಾರು ಮಾಡಿದ್ದು ಒಟ್ಟು 1,400 ಮಾತ್ರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅದನ್ನು ನೋಡುವ ಯೋಗ ಈ ಜನ್ಮಕ್ಕಿಲ್ಲ. ಹಾಗಾಗಿ ಅಂಟಿಸಿಯೇ ನೋಡಬೇಕು.

ಗೊಂದಲ ಇದ್ದದ್ದು ಯಾವ ಕಿಟ್ ಅನ್ನೋದರಲ್ಲಿ. ಜಪಾನಿನ ತಮಿಯಾ ಕಂಪನಿಯದು 1/24 ಅಳತೆಯಲ್ಲಿದೆ. ಇಟಲಿಯ ಇಟಾಲೇರಿಯದು 1/16. ಇವೆರಡೂ ಬೇಡ ಅಂದರೆ 1/24ರಲ್ಲೇ ಅರ್ಧ ಬೆಲೆಗೆ ಇನ್ನೊಂದಿತ್ತು. ಅದರ ಹೆಸರು ಬೇಡ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಅಸಲಿ ಕಾರಿನ ಉದ್ದ 4,520 ಮಿಲಿಮೀಟರ್. ಇಪ್ಪತ್ನಾಲ್ಕರಿಂದ ಭಾಗಿಸಿದರೆ ಹತ್ತಿರ ಹತ್ತಿರ 19 ಸೆಂಟಿಮೀಟರ್. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಕ್ಕ ಇಟ್ಟರೆ ಇಡ್ಲಿಗಿಂತ ಸ್ವಲ್ಪ ಉದ್ದ, ಅಷ್ಟೇ. ಹದಿನಾರರಿಂದ ಭಾಗಿಸಿದರೆ 28 ಸೆಂಟಿಮೀಟರ್. ನನ್ನ ಗೆಳೆಯನೊಬ್ಬ, ಎಸ್ಐಟಿ ಕಾಲೇಜಿನ ಹಿಂದೆ ಮನೆ ಅವನದು, 'ದೊಡ್ಡದೇ ತಗೋ ಗುರು, ಕೊಟ್ಟ ದುಡ್ಡಿಗೆ ಕೈತುಂಬ ಸಿಗುತ್ತೆ' ಅಂದ. ಅವನ ಬೀರುವಿನ ಮೇಲೆ ಹೀಗೆ ಕೈತುಂಬ ಸಿಕ್ಕ ಡಬ್ಬಿಗಳು ಏಳಿವೆ. ಒಂದರ ಪ್ಲಾಸ್ಟಿಕ್ ಕವರ್ ಕೂಡ ಹರಿದಿಲ್ಲ. ದೊಡ್ಡ ಕಿಟ್ಟಿನ ಕಷ್ಟ ಅದೇ. ಒಂದು ಭಾನುವಾರ ಸಾಲಲ್ಲ, ಎರಡು ಸಾಲಲ್ಲ, ಅಷ್ಟರಲ್ಲಿ ಯಾರದೋ ಮದುವೆ ಬರುತ್ತದೆ, ಡಬ್ಬಿ ಮತ್ತೆ ಬೀರು ಹತ್ತುತ್ತದೆ. ಸಾಲದ್ದಕ್ಕೆ ನಮ್ಮ ಹಾಲಿನ ಶೋಕೇಸಿನ ಖಾನೆ ಒಂಬತ್ತೇ ಇಂಚು ಅಗಲ. 1/16 ಕಾರನ್ನು ಅದರಲ್ಲಿ ಓರೆಯಾಗಿ ಕೂಡ ನಿಲ್ಲಿಸೋಕಾಗಲ್ಲ. ಆಯಿತಲ್ಲ, ಅದು ಹೋಯಿತು.

ಉಳಿದದ್ದು ಎರಡು 1/24. ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು, ಅಗ್ಗದ್ದು ತಗೊಂಡೆ. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ತರಿಸಿದೆ. ಡಬ್ಬಿ ಬಂದಾಗಲೇ ಒಂದು ಮೂಲೆ ನಜ್ಜುಗುಜ್ಜಾಗಿತ್ತು. ತೆರೆದು ನೋಡಿದರೆ ಮುಂದಿನ ಗಾಜು ಅಡ್ಡಡ್ಡ ಸೀಳಿದೆ. ಫೋಟೋ ಕಳಿಸಿದೆ. 'ಡೆಲಿವರಿ ಆಗುವಾಗಲೇ ನೋಡಬೇಕಿತ್ತು ಸರ್' ಅಂತ ಉತ್ತರ ಬಂತು. ಮುಗೀತು ಕಥೆ.

ಗಾಜು ಅಂದಾಗ ನೆನಪಾಯಿತು. ಈ ಕಾರಿನ ಅಣ್ಣ ಒಂದಿತ್ತು, 1952ರ ರೇಸ್ ಕಾರು. ಅದೇ ಹೆಸರು, 300 ಎಸ್ಎಲ್. ಆ ವರ್ಷ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದಿತು, ಆಮೇಲೆ ಮೆಕ್ಸಿಕೋದ ದೊಡ್ಡ ರೋಡ್ ರೇಸಿಗೂ ಹೋಯಿತು. ಅಲ್ಲಿ ಓಡುತ್ತಿರುವಾಗ ಒಂದು ರಣಹದ್ದು ಬಂದು ಮುಂದಿನ ಗಾಜಿಗೆ ಬಡಿದು, ಗಾಜು ಒಡೆದು, ಪಕ್ಕದಲ್ಲಿ ಕೂತಿದ್ದ ಕ್ಲೆಂಕ್ ಮುಖಕ್ಕೆ ಗಾಯ ಆಯಿತು. ಆದರೂ ನಿಲ್ಲಲಿಲ್ಲ. ಡ್ರೈವರ್ ಕ್ಲಿಂಗ್ ಓಡಿಸಿದ, ಗೆದ್ದರು. ಮತ್ತೆ ಹದ್ದು ಬಂದರೆ ಇರಲಿ ಅಂತ ಗಾಜಿನ ಮುಂದೆ ಕಬ್ಬಿಣದ ಸರಳು ಹಾಕಿಕೊಂಡರಂತೆ. ನನ್ನ ಗಾಜು ಒಡೆಯೋಕೆ ಹದ್ದು ಬೇಕಾಗಲಿಲ್ಲ, ಕೊರಿಯರ್ ಸಾಕಾಯಿತು.

ಇರಲಿ, ಗಾಜು ಬಿಟ್ಟು ಉಳಿದದ್ದಾದರೂ ಜೋಡಿಸೋಣ ಅಂತ ಕೂತೆ. ಆಗ ಅಪ್ಪ ಬಂದರು.

ಅಪ್ಪ ಇಲ್ಲಿನ ಎಚ್ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವರು. ಎಚ್ಎಂಟಿ ವಾಚು ಮುಚ್ಚಬೇಕು ಅಂತ 2016ರಲ್ಲಿ ತೀರ್ಮಾನ ಆಗುವ ಹೊತ್ತಿಗೆ ಅವರು ರಿಟೈರ್ ಆಗಿ ಬಹಳ ವರ್ಷವಾಗಿತ್ತು. ಫ್ಯಾಕ್ಟರಿ ಜಾಗ ಆಮೇಲೆ ಇಸ್ರೋಗೆ ಹೋಯಿತು. ಅಪ್ಪನ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐಗ್ಲಾಸ್, ತುದಿ ಸೂಜಿ ಥರ ಇರುವ ಚಿಮಟ ಮಾತ್ರ ಮನೆಯಲ್ಲೇ ಉಳಿದಿವೆ. ಯಾರಿಗೂ ಮುಟ್ಟೋಕೆ ಬಿಡಲ್ಲ. ಬಂದವರು ನನ್ನ ಕೈಯಿಂದ ಕಾರಿನ ಬಾಡಿ ತಗೊಂಡು, ತಿರುಗಿಸಿ, ಹೊಟ್ಟೆಯೊಳಗೆ ನೋಡಿದರು.

'ಏನೋ ಇದು, ಒಳಗೆ ಮೂವ್‌ಮೆಂಟ್ ಇದ್ಯಾ, ಬರೀ ಕೇಸಾ?'

ವಾಚಿನವರ ಭಾಷೆಯಲ್ಲಿ ಮೂವ್‌ಮೆಂಟ್ ಅಂದರೆ ಒಳಗೆ ಓಡುವ ಯಂತ್ರ, ಕೇಸು ಅಂದರೆ ಹೊರಗಿನ ಕವಚ. ಇದು ಬರೀ ಕೇಸು. ಇಂಜಿನ್ ಇಲ್ಲ. ತಳಕ್ಕೆ ಒಂದು ಚಪ್ಪಟೆ ಹಲಗೆ, ಅದರ ಮೇಲೆ ಇಂಜಿನ್ನಿನ ಹೊಟ್ಟೆಭಾಗವನ್ನು ಉಬ್ಬಿಸಿ ತೋರಿಸಿದ್ದಾರೆ, ಅಷ್ಟೇ. ಅಪ್ಪ ಬಾಡಿಯನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿಯೋಕೆ ಹೋದರು. ಅಷ್ಟು ದಿನ ನಾನು ಬಾಕ್ಸಿನ ಚಿತ್ರ, ಬೆಲೆ, ಪೀಸುಗಳ ಲೆಕ್ಕ ಎಲ್ಲ ನೋಡಿದ್ದೆ. ಆ ಒಂದು ಪ್ರಶ್ನೆ ಮಾತ್ರ ಕೇಳಿಕೊಂಡಿರಲಿಲ್ಲ.

ಯಾಕೆಂದರೆ ಈ ಕಾರಿನ ವಿಷಯದಲ್ಲಿ ಅದೇ ಮುಖ್ಯ. ಬಾಗಿಲು ಮೇಲಕ್ಕೆ ತೆರೆಯೋದು ಶೋಕಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಶೋಕಿ ಏನಿಲ್ಲ, ಬೇರೆ ದಾರಿಯೇ ಇರಲಿಲ್ಲ. ಕಾರಿನ ಚಾಸಿಯನ್ನು, ಅಂದರೆ ಅದರ ಅಸ್ಥಿಪಂಜರವನ್ನು, ತೆಳು ಉಕ್ಕಿನ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಮಾಡಿದ್ದಾರೆ. ಹಗುರ, ಆದರೆ ಗಟ್ಟಿ. ಆ ಗಟ್ಟಿತನ ಬರಬೇಕಾದರೆ ಎರಡೂ ಪಕ್ಕದಲ್ಲಿ ಪೈಪುಗಳು ಎತ್ತರಕ್ಕೆ ಬರಬೇಕು, ಸಾಮಾನ್ಯ ಕಾರಿನಲ್ಲಿ ಬಾಗಿಲು ಇರುವ ಜಾಗದ ಅರ್ಧದವರೆಗೆ. ಇನ್ನು ಬಾಗಿಲು ಇಡೋದೆಲ್ಲಿ? ಚಾವಣಿಗೆ ಹಿಂಜು ಹಾಕಿ ಮೇಲಕ್ಕೆ ಎತ್ತಿದರು. ಆ ಎತ್ತರದ ಹೊಸ್ತಿಲು ದಾಟಿ ಒಳಗೆ ಕಾಲು ಹಾಕೋದು ಕಷ್ಟ ಅಂತ ಸ್ಟೀರಿಂಗ್ ಚಕ್ರವನ್ನೇ ಮಡಚುವ ಹಾಗೆ ಮಾಡಿದರು. ಬಾನೆಟ್ ತಗ್ಗಾಗಿರಲಿ ಅಂತ ಆರು ಸಿಲಿಂಡರ್ ಇಂಜಿನ್ನನ್ನು ಒಂದು ಪಕ್ಕಕ್ಕೆ ವಾಲಿಸಿ ಮಲಗಿಸಿದರು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ವ್ಯವಸ್ಥೆ, ಮಾರಾಟಕ್ಕೆ ಬಂದ ನಾಲ್ಕು ಸ್ಟ್ರೋಕ್ ಇಂಜಿನ್ನಿನ ಕಾರುಗಳಲ್ಲಿ, ಇದರಲ್ಲೇ ಮೊದಲು ಬಂದದ್ದು.

ಅಂದರೆ ಹೊರಗೆ ಕಾಣುವ ಆ ರೆಕ್ಕೆ ಒಳಗಿನ ಪೈಪುಗಳಿಂದ ಬಂದದ್ದು. ಪೈಪುಗಳೇ ಇಲ್ಲದ ಕಿಟ್ಟಿನಲ್ಲಿ ರೆಕ್ಕೆ ಎತ್ತಿಟ್ಟರೆ ಅದಕ್ಕೆ ಏನರ್ಥ? ಮುಳ್ಳು ಇದೆ, ಡಯಲ್ ಇದೆ, ಒಳಗೆ ಖಾಲಿ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ವಾಚು.

ಎಲ್ಲ ಕಾರಿಗೂ ಇದೇ ಅಳತೆಗೋಲು ಅಂತ ಹೇಳುತ್ತಿಲ್ಲ. 1961ರ ಜಾಗ್ವಾರ್ ಇ-ಟೈಪ್ ತಗೊಳ್ಳಿ. ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ಬಂದ ಮಾಲ್ಕಂ ಸೇಯರ್ ಅದರ ಮೈಯನ್ನು ಗಾಳಿಯ ಲೆಕ್ಕ ಹಾಕಿ ರೂಪಿಸಿದ. ಅದರಲ್ಲಿ ಬಾನೆಟ್ ತೆರೆಯದಿದ್ದರೂ ನನಗೆ ಬೇಜಾರಿಲ್ಲ, ಆ ಉದ್ದ ಮೂತಿಯ ಗೆರೆ ಸರಿಯಾಗಿ ಬಂದಿದ್ದರೆ ಸಾಕು. ಗೆರೆ ಎರಡು ಮಿಲಿಮೀಟರ್ ಉಬ್ಬಿದರೆ, ಒಳಗೆ ಇನ್ನೂರು ಪೀಸಿನ ಇಂಜಿನ್ ಕೊಟ್ಟರೂ ಬೇಡ. ಹಾಗಾಗಿ 'ಯಾವ ಕಂಪನಿ ಕಿಟ್ ಒಳ್ಳೇದು' ಅಂತ ಕೇಳಿದರೆ ನಾನು ಹೇಳಲ್ಲ. ಯಾವ ಕಾರು ಅಂತ ಮೊದಲು ಹೇಳಿ.

300 ಎಸ್ಎಲ್‌ಗೆ ಮಾತ್ರ ಕಣ್ಣುಮುಚ್ಚಿ ತಮಿಯಾ. ಪೈಪಿನ ಚಾಸಿ ಇದೆ, ವಾಲಿದ ಇಂಜಿನ್ ಇದೆ. ಆ ಕಂಪನಿಗೆ ಒಳಗೆ ಕೈಹಾಕಿ ನೋಡುವ ಚಾಳಿ ಹಳೇದು. 1976ರಲ್ಲಿ ಬಂದ ಅವರ ದೊಡ್ಡ ಪೋರ್ಷೆ 934, 911ರದೇ ರೇಸ್ ರೂಪ, ಅದರ ಕಿಟ್ಟಿಗೋಸ್ಕರ ಕಂಪನಿಯ ಶುನ್ಸಾಕು ತಮಿಯಾ ಒಂದು ಅಸಲಿ ಪೋರ್ಷೆ 911 ಕೊಂಡು ತಂದು, ಬಿಚ್ಚಿಹಾಕಿಸಿ ನೋಡಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ 'ಮತ್ತೆ? ಬಿಚ್ಚದೆ ಹೆಂಗೆ ಗೊತ್ತಾಗುತ್ತೆ' ಅಂದರು, ಅದರಲ್ಲೇನು ವಿಶೇಷ ಅನ್ನೋ ಥರ.

ತಗೊಂಡೆ. ಈ ಸಲ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಅಂಗಡಿಯವನ ಎದುರೇ ಡಬ್ಬಿ ತೆರೆದು, ಗಾಜನ್ನು ಬೆಳಕಿಗೆ ಹಿಡಿದು ನೋಡಿ ತಂದೆ.

ಚಾಸಿ ಜೋಡಿಸೋಕೆ ಮೂರು ರಾತ್ರಿ ಹಿಡಿಯಿತು. ಶಾವಿಗೆ ಎಳೆಗಿಂತ ಸ್ವಲ್ಪ ದಪ್ಪ ಇರುವ ಪೈಪುಗಳು. ಕತ್ತರಿಸುವಾಗ ಜೋರು ಮಾಡಿದರೆ ಪಟ್ ಅಂತ ಮುರಿಯುತ್ತವೆ. ಎರಡನೇ ರಾತ್ರಿ ಅಪ್ಪ ಏನೂ ಮಾತಾಡದೆ ಚಿಮಟ ತಂದು ಮೇಜಿನ ಮೇಲೆ ಇಟ್ಟು ಹೋದರು. ಬಣ್ಣ ಬೆಳ್ಳಿ. ಬೆಳ್ಳಿ ಬಣ್ಣ ಏನನ್ನೂ ಮುಚ್ಚಲ್ಲ, ಒಂದು ಕೂದಲಿನ ಗೀರು ಇದ್ದರೂ ಎತ್ತಿ ತೋರಿಸುತ್ತದೆ. ಅಂತರಸನಹಳ್ಳಿಯ ಗ್ಯಾರೇಜಿನಲ್ಲಿ ಪೇಂಟ್ ಕೆಲಸ ಮಾಡುವ ಹುಡುಗನ ಹತ್ತಿರ ಎರಡು ಸಾವಿರ ನಂಬರಿನ ವಾಟರ್ ಪೇಪರ್ ಇಸ್ಕೊಂಡು ಬಂದು ಉಜ್ಜಿದೆ. ಗಾಜು ಅಂಟಿಸೋಕೆ ಸೂಪರ್ ಗ್ಲೂ ಮುಟ್ಟಬೇಡಿ, ಅದರ ಹೊಗೆಗೆ ಗಾಜು ಮಂಜು ಕವಿದ ಹಾಗಾಗುತ್ತದೆ. ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣೋದೇ ಇಲ್ಲ.

ಕೊನೆಗೆ ಒಂದು ತಕರಾರು ಉಳಿಯಿತು. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಪೈಪುಗಳ ಮೇಲೆ ಬಾಡಿ ಕೂರಿಸಿದರೆ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ನಾನು ಬಾಡಿ ಅಂಟಿಸದೆ, ಎತ್ತಿ ತೋರಿಸುವ ಹಾಗೆ ಸುಮ್ನೆ ಕೂರಿಸಿಡುತ್ತೇನೆ ಅಂದೆ. ಅಪ್ಪ ಒಪ್ಪಲಿಲ್ಲ. 'ವಾಚನ್ನು ಯಾರಾದ್ರೂ ಬಿಚ್ಚಿಟ್ಟು ಕಟ್ಕೊಳ್ತಾರೇನೋ? ಒಳಗಿದೆ ಅಂತ ನಿನಗೆ ಗೊತ್ತಲ್ಲ' ಅಂದರು. ಒಂದು ವಾರ ಇದೇ ವಾದ ನಡೆಯಿತು. ನಾನೇ ಗೆದ್ದೆ, ಬಾಡಿ ಅಂಟಿಸಿಲ್ಲ. ಆದರೆ ಮನೆಗೆ ಯಾರಾದರೂ ಬಂದರೆ ಅದನ್ನು ಎತ್ತಿ ತೋರಿಸೋದು ಅಪ್ಪನೇ, ಐಗ್ಲಾಸ್ ಸಮೇತ.

ಈಗ ಕಾರು ಶೋಕೇಸಿನಲ್ಲಿದೆ, ಎರಡೂ ಬಾಗಿಲು ಎತ್ತಿಕೊಂಡು. ಶುಕ್ರವಾರ ಮನೆ ಒರೆಸುವಾಗ ಅಮ್ಮ ಬಾಗಿಲು ಮುಚ್ಚಿಬಿಡುತ್ತಾರೆ, ಒಳಗೆ ಧೂಳು ಹೋಗುತ್ತೆ ಅಂತ. ಶನಿವಾರ ನಾನು ತೆರೆಯುತ್ತೇನೆ. ಹೋದ ಶುಕ್ರವಾರ ಎಡಗಡೆ ಬಾಗಿಲು ಅವರ ಕೈಗೇ ಬಂತು. ಚಿಮಟ ಎಲ್ಲಿಟ್ಟಿದ್ದೀರಿ ಅಂತ ಅಪ್ಪನನ್ನು ಕೇಳಿದರೆ, ಅವರು ಆಗಲೇ ಬಾಗಿಲು ಹಿಡಿದುಕೊಂಡು ಕಿಟಕಿ ಹತ್ತಿರ ಕೂತಿದ್ದಾರೆ.