ಹಾರ್ಟ್‌ಬೀಟ್ ಆಫ್ ಮಾಡಬೇಡಿ
ರ‍್ಯಾಬಿಟ್‌ಎಂಕ್ಯೂ (ಪ್ರೋಗ್ರಾಂಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್, ಅಂದರೆ ಬ್ರೋಕರ್) ಕನೆಕ್ಷನ್ ಪದೇ ಪದೇ ಕಡಿದುಹೋದರೆ ಹಾರ್ಟ್‌ಬೀಟ್ (ಕನೆಕ್ಷನ್ ಬದುಕಿದೆ ಅಂತ ತಿಳಿಸಲು ಎರಡೂ ಕಡೆಯವರು ಆಗಾಗ ಕಳಿಸುವ ಸಣ್ಣ ಸಂಕೇತ) ಸೊನ್ನೆ ಮಾಡಿ, ಅಂದರೆ ಆಫ್ ಮಾಡಿ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ತುಮಕೂರಿನ ವಸಂತನರಸಾಪುರದಲ್ಲಿ ನಾವು ನೋಡಿಕೊಳ್ಳುವ ಯಂತ್ರಗಳು ಸಿಮ್ ರೌಟರ್ ಮೂಲಕ ಸರ್ವರ್‌ಗೆ ಮೆಸೇಜ್ ಕಳಿಸುತ್ತವೆ. ಯಂತ್ರ ನಿಂತಾಗ ಮೆಸೇಜ್ ಇರುವುದಿಲ್ಲ. ಆಗ ನಡುವಿನ ನ್ಯಾಟ್ (ಹಲವು ಸಾಧನಗಳು ಒಂದೇ ಇಂಟರ್ನೆಟ್ ವಿಳಾಸ ಬಳಸುವಂತೆ ಮಾಡುವ ನೆಟ್‌ವರ್ಕ್ ವ್ಯವಸ್ಥೆ) ಆ ಕನೆಕ್ಷನ್ನನ್ನು ಮರೆತುಬಿಡುತ್ತದೆ, ಎರಡೂ ಕಡೆಗೆ ಏನೂ ಹೇಳುವುದಿಲ್ಲ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯೇ ಅಂತ ನೋಡುವ ವ್ಯವಸ್ಥೆ) ಸೆಟ್ಟಿಂಗ್ ಬದಲಿಸದಿದ್ದರೆ ವಿಚಾರಿಸುವುದು 7,200 ಸೆಕೆಂಡ್ ಆದಮೇಲೆ, ಅದೂ ಪ್ರೋಗ್ರಾಂ ಕೇಳಿದ್ದರೆ ಮಾತ್ರ! ಅಲ್ಲಿಯವರೆಗೆ ಸತ್ತ ಕನೆಕ್ಷನ್ ಬದುಕಿರುವಂತೆಯೇ ಕಾಣುತ್ತದೆ. ಇಲ್ಲಿ ಸೊನ್ನೆ ಇದ್ದದ್ದನ್ನು 60 ಸೆಕೆಂಡಿಗೆ ತಂದ ಮೇಲೆಯೇ ಸರಿಹೋಯಿತು. ಬ್ರೋಕರ್ ಲಾಗ್‌ನಲ್ಲಿ ಹಾರ್ಟ್‌ಬೀಟ್ ತಪ್ಪಿದೆ ಅಂತ ಬರುತ್ತಿದ್ದರೆ ಕನ್ಸ್ಯೂಮರ್ (ಮೆಸೇಜ್ ಪಡೆದು ಕೆಲಸ ಮಾಡುವ ಪ್ರೋಗ್ರಾಂ) ಕೋಡನ್ನೂ ನೋಡಬೇಕು ಅಲ್ವಾ? ಹಾರ್ಟ್‌ಬೀಟ್ ನೋಡಿಕೊಳ್ಳುವ ಥ್ರೆಡ್‌ಗೇ (ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಎಳೆ) ಜಾಸ್ತಿ ಹೊತ್ತಿನ ಕೆಲಸ ಕೊಟ್ಟರೆ ಹಾರ್ಟ್‌ಬೀಟ್ ಕಳಿಸಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ.