ಮೋಶಿಯ ಮೇಳಕ್ಕೆ ಹೊರಡುವ ಮುಂಚೆ ನಿಮ್ಮ ಹೊಲ ಬಗೆದು ನೋಡಿ

ಡಿಸೆಂಬರ್ ಬಂತೆಂದರೆ ಪುಣೆ ಹತ್ತಿರದ ನಮ್ಮ ಭೋಸರಿಯ ಮನೆ ತುಂಬ ಊರಿನವರು. ಪಕ್ಕದ ಮೋಶಿಯಲ್ಲಿ ಕಿಸಾನ್ ಕೃಷಿ ಮೇಳ ಇರುತ್ತದಲ್ವಾ. ಬೆಳಗಾವಿ ಜಿಲ್ಲೆಯ ರಾಯಬಾಗದಿಂದ ರಾತ್ರಿ ಬಸ್ಸಿಗೆ ಬಂದು, ಚಹಾ ಕುಡಿದು, ಸೀದಾ ಮೇಳಕ್ಕೆ. ಕಳೆದ ಸಲ ತಮ್ಮ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. "ಅಣ್ಣಾ, ರೋಟಾವೇಟರ್ ತಗೊಂಡ್ರ ಒಂದ ಸಲಕ್ಕ ಎಲ್ಲಾ ಮುಗೀತೈತಿ."

ರೋಟಾವೇಟರ್ ಅಂದರೆ ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ, ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರ. ಕೊಯ್ಲಾದ ಹೊಲ ಹರಗಲಿಕ್ಕೆ ಅದು ಬೇಡ ಅಂದೆ ನಾನು. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಕೆಲಸ, ಊರಲ್ಲಿ ಹೊಲ ಅಂತ ಇರುವ ಕನ್ನಡದವರು ಬಹಳ ಜನ. ದುಡ್ಡು ಕಳಿಸುವವರು ನಾವು, ಯಂತ್ರ ಆರಿಸುವವರೂ ಎಷ್ಟೋ ಸಲ ನಾವೇ.

ಎರಡು ವರ್ಷದ ಹಿಂದೆ ಸೋಯಾ ಕೊಯ್ಲಾದ ಮೇಲೆ ಬಾಡಿಗೆ ರೋಟಾವೇಟರ್ ಹೊಡೆಸಿದ್ದೆವು. ಎರೆ ಭೂಮಿ, ಮಳೆ ನಿಂತು ಮೂರೇ ದಿನ ಆಗಿತ್ತು. ಮೇಲಿಂದ ನೋಡಿದರೆ ಹೊಲ ಹಿಟ್ಟಿನ ಹಾಗೆ, ಎಷ್ಟು ಚಂದ! ಕಡಲೆ ಬಿತ್ತಿದೆವು. ಆಮೇಲೆ ಬಿದ್ದ ಒಂದೇ ಮಳೆಗೆ ನೀರು ಇಂಗದೆ ನಿಂತಿತು, ಸಸಿ ಹಳದಿ ತಿರುಗಿತು. ದೀಪಾವಳಿಗೆ ಹೋದಾಗ ಕಬ್ಬಿಣದ ಸಳಿ ಚುಚ್ಚಿ ನೋಡಿದೆ. ಐದು ಇಂಚು ಸಲೀಸಾಗಿ ಇಳಿದು ಟಕ್ ಅಂತ ನಿಂತಿತು. ಬಗೆದರೆ ಕೆಳಗೆ ಗಿಲಾವು ಮಾಡಿದ ಹಾಗೆ ನುಣುಪಾದ ಪದರ. ತಿರುಗುವ ಬ್ಲೇಡ್ ಹಸಿ ಮಣ್ಣನ್ನು ತಿಕ್ಕಿ ತಿಕ್ಕಿ ಗಟ್ಟಿ ಮಾಡಿತ್ತು. ಕಡಲೆಯ ಬೇರು ಅದರ ಮೇಲೆ ಅಡ್ಡಕ್ಕೆ ಹೊರಳಿತ್ತು. ಆ ಬೇರು ನೋಡಿ ಹೊಟ್ಟೆ ಉರಿಯಿತು.

ಕೂಳೆ ಹೊಲದಲ್ಲಿ, ಅಂದರೆ ಕೊಯ್ದ ಬೆಳೆಯ ಬುಡ ಉಳಿದ ಹೊಲದಲ್ಲಿ, ಆಗಬೇಕಾದ ಕೆಲಸ ಸಣ್ಣದು. ಕೂಳೆ ತುಂಡಾಗಬೇಕು, ಮೇಲಿನ ಎರಡು ಮೂರು ಇಂಚು ಮಣ್ಣಲ್ಲಿ ಬೆರೆಯಬೇಕು. ಕೆಳಗಿನ ಹಸಿ ಕೆಳಗೇ ಇರಬೇಕು, ಹಿಂಗಾರಿಗೆ ಅದೇ ಬಂಡವಾಳ. ಉದುರಿದ ಕಾಳು, ಕಸದ ಬೀಜ ಮೇಲೇ ಮೊಳೆಯುತ್ತವೆ. ಬಿತ್ತುವ ಮುಂಚೆ ಇನ್ನೊಮ್ಮೆ ಹರಗಿದರೆ ಹೋದವು. ಅಪ್ಪ ಎತ್ತು ಕಟ್ಟಿ ಕುಂಟೆ ಹೊಡೆಯುತ್ತಿದ್ದದ್ದು ಇದಕ್ಕೇ.

ಸೋಯಾಕ್ಕೆ ಟ್ರ್ಯಾಕ್ಟರ್ ಕುಂಟೆ ಸಾಕು. ಎಲೆ ಮೊದಲೇ ಉದುರಿರುತ್ತದೆ, ಹೊಲದಲ್ಲಿ ಉಳಿಯೋದು ಮೋಟು ಮಾತ್ರ. ಗೋವಿನಜೋಳ ಹಾಗಲ್ಲ. ಹೆಬ್ಬೆರಳು ದಪ್ಪದ ದಂಟು. ಸುಮ್ನೆ ಸಾಲು ಹಲ್ಲಿನ ಕಲ್ಟಿವೇಟರ್ ಇಳಿಸಿದರೆ ಕಸವನ್ನೆಲ್ಲ ಬಾಚಿ ಗುಡ್ಡೆ ಹಾಕುತ್ತದೆ. ಮೊದಲು ಮಲ್ಚರ್‌ನಲ್ಲಿ ದಂಟು ಪುಡಿ ಮಾಡಿ, ಆಮೇಲೆ ತಿರುಗುವ ತಟ್ಟೆಗಳಿಂದ ಕತ್ತರಿಸಿ ಬೆರೆಸುವ ಡಿಸ್ಕ್ ಹ್ಯಾರೋ. ಮುಂದಿನ ಸಾಲಿನಲ್ಲಿ ಹಲ್ಲಿನ ಡಿಸ್ಕ್ ಇರಲಿ. ಅದು ದಂಟನ್ನು ಹಿಡಿದು ಕತ್ತರಿಸುತ್ತದೆ, ನುಣುಪು ಡಿಸ್ಕ್ ಜಾರುವುದು ಜಾಸ್ತಿ. ಇನ್ನೊಂದು ಲಾಭವೂ ಇದೆ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ, ಗೋವಿನಜೋಳ ತಿನ್ನುವ ಫಾಲ್ ಆರ್ಮಿವರ್ಮ್ ಹುಳು ಮಣ್ಣಿನ 2ರಿಂದ 8 ಸೆಂ.ಮೀ. ಆಳದಲ್ಲೇ ಕೋಶ ಕಟ್ಟುತ್ತದೆ. ಮೇಲೆ ಮೇಲೆ ಹರಗಿದರೆ ಬಿಸಿಲಿಗೂ ಬೆಳ್ಳಕ್ಕಿಗೂ ಸಿಗುತ್ತದೆ. ಆದರೆ ದಂಟು ಬೆರೆಸಿದ ಮರುದಿನವೇ ಬಿತ್ತಬೇಡಿ. ಕೊಳೆಯುವಾಗ ಅದು ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಪೈರು ಬಿಳಿಚಿಕೊಳ್ಳುತ್ತದೆ.

ಕಬ್ಬಿನ ರವದಿಯ (ಒಣ ಎಲೆಯ) ಮಾತು ಬೇರೆ, ಇನ್ನೊಮ್ಮೆ ಬರೆಯುವೆ. ಬೆಂಕಿ ಮಾತ್ರ ಹಚ್ಚಬೇಡಿ.

ಮೇಳದಲ್ಲಿ ವಿದೇಶಿ ಡಿಸ್ಕ್ ಯಂತ್ರವೊಂದರ ಮುಂದೆ ತಮ್ಮ ಅರ್ಧ ಗಂಟೆ ನಿಂತ. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಅಂಥದ್ದು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಓಡಿದರೇನೇ ಮಣ್ಣು ಸರಿಯಾಗಿ ಬೆರೆಸೋದು. ನಮ್ಮ 45 ಎಚ್‌ಪಿ ಟ್ರ್ಯಾಕ್ಟರಿಗೆ, ಹೆಜ್ಜೆಗೊಂದು ಬದು ಇರುವ ಹೊಲಕ್ಕೆ ಆಗುವ ಮಾತಲ್ಲ. ನಾನು ನೋಡಿದ್ದು ಬೇರಿಂಗ್. ಇಪ್ಪತ್ತು ವರ್ಷ ಇಲ್ಲಿನ ವರ್ಕ್‌ಶಾಪಿನಲ್ಲಿ ದುಡಿದ ಕೈ. ಒಂದೊಂದು ಹ್ಯಾರೋದ ಡಿಸ್ಕ್ ಹಿಡಿದು ಅಲುಗಾಡಿಸಿದೆ, ಸೀಲ್ ಎಲ್ಲಿದೆ ಅಂತ ಬಗ್ಗಿ ನೋಡಿದೆ. ಸೀಲ್ ಸರಿ ಇಲ್ಲದಿದ್ದರೆ ಎರೆ ಧೂಳು ಬೇರಿಂಗನ್ನು ಬೇಗ ತಿಂದುಬಿಡುತ್ತದೆ. ಬಣ್ಣ ನೋಡಿ ಬುಕ್ ಮಾಡುವವರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ.

ಕೊನೆಗೆ ಏನೂ ಕೊಳ್ಳಲಿಲ್ಲ. ಈ ಅಕ್ಟೋಬರ್‌ನಲ್ಲಿ ತಮ್ಮ ಹ್ಯಾರೋ ಬಾಡಿಗೆಗೆ ತಂದ. ಹದ ನೋಡಲು ಮಣ್ಣಿನ ಉಂಡೆ ಕಟ್ಟಿ ಬೀಳಿಸು, ಒಡೆದು ಪುಡಿಯಾದರೆ ಮಾತ್ರ ಇಳಿಸು ಅಂದಿದ್ದೆ. ನಾಲ್ಕು ದಿನ ಕಾದ. ಬಿತ್ತಿ ಹದಿನೈದು ದಿನಕ್ಕೆ ವಿಡಿಯೋ ಕಾಲ್ ಮಾಡಿ ಅದೇ ಸಳಿ ಚುಚ್ಚಿ ತೋರಿಸಿದ.

"ಅಣ್ಣಾ, ಗೇಣುದ್ದ ಹೋತ ನೋಡು."